ಲೋಲಾಕ್ಷಕ್ಕನಿಗೆ ಓದಿದ ಕೊನೆಯ ಪುಟಗಳು

ಜನವರಿ 9, ಗುರುವಾರ

ಇವತ್ತೂ ಪುಂಜಾಲಕಟ್ಟೆಯಲ್ಲಿ ಇಳಿಯಲಾಗಲಿಲ್ಲ. ವಗ್ಗದಲ್ಲಿ ಹತ್ತುವಾಗಲೇ ಬಸ್ಸು ತುಂಬಿತ್ತು. ಸ್ಟಾಪು ಬಂದಾಗ ನಾನು ಇಬ್ಬರು ದಪ್ಪ ಗಂಡಸರ ಹಿಂದೆ ಇದ್ದೆ. "ಇಳಿಯಲಿಕ್ಕುಂಟು" ಎಂಬ ಒಂದು ಮಾತು ಗಂಟಲಿನವರೆಗೆ ಬಂದು ಅಲ್ಲೇ ನಿಂತಿತು. ಬಸ್ಸು ಹೊರಟಿತು. ಮಡಂತ್ಯಾರಿನಲ್ಲಿ ಇಳಿದು, ಎದುರು ಬದಿಯ ಬಸ್ಸಿಗೆ ಕಾದು, ಅರ್ಧ ಗಂಟೆ ತಡವಾಗಿ ಲೈಬ್ರರಿಗೆ ಬಂದೆ. ಇಳಿಯಬೇಕೆಂದು ಹೇಳಲಾಗದವಳು ಕನ್ನಡ ಎಂ.ಎ. ಮಾಡಿ ಯಾರಿಗೆ ಪಾಠ ಮಾಡುವುದು?

ಸುಬ್ಬಪ್ಪಣ್ಣ ಏನೂ ಕೇಳಲಿಲ್ಲ. ಅವರು ಸರಕಾರಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದವರು. ತಡವಾಗಿ ಬಂದವರ ಮುಖ ನೋಡಿಯೇ ಅರ್ಥ ಮಾಡಿಕೊಳ್ಳುತ್ತಾರೆ. ನಿವೃತ್ತಿಯ ವರ್ಷ ಹೆಂಡತಿಯ ಜೊತೆ ಬೌದ್ಧ ದೀಕ್ಷೆ ತೆಗೆದುಕೊಂಡರಂತೆ. ಅವರ ಕಾಲನಿಯ ಎಂಟು ಮನೆಯವರು ಹಿಂಬಾಲಿಸಿದರು. ಈ ಲೈಬ್ರರಿ ಅವರೆಲ್ಲ ಸೇರಿ ಕಟ್ಟಿದ್ದು. ಮೂಸಾಕನ ಚಪ್ಪಲಿ ಅಂಗಡಿಯ ಮಾಳಿಗೆಯಲ್ಲಿ ಒಂದೇ ಕೋಣೆ, ಆರು ಕಪಾಟು, ಕಿಟಕಿಯ ಪಕ್ಕ ಬುದ್ಧನ ಸಣ್ಣ ಮೂರ್ತಿ, ಗೋಡೆಯಲ್ಲಿ ಬಾಬಾಸಾಹೇಬರ ಪಟ. ಮಧ್ಯಾಹ್ನದ ಬಿಸಿಲಿಗೆ ಪುಸ್ತಕದ ವಾಸನೆಗಿಂತ ಹೊಸ ರಬ್ಬರಿನ ವಾಸನೆಯೇ ಜಾಸ್ತಿ.

ನಾನು ಬೌದ್ಧಳಲ್ಲ. ಮೂಡಬಿದಿರೆಯ ಕಾಲೇಜಿನಿಂದ ಅತಿಥಿ ಉಪನ್ಯಾಸಕರ ಕರೆ ಬರುವವರೆಗೆ ಅಂತ ಇಲ್ಲಿಗೆ ಬಂದವಳು. ಮೂರು ತಿಂಗಳಾಯಿತು. ದಿನಕ್ಕೆ ಹತ್ತು ಸಲ ಫೋನು ನೋಡುತ್ತೇನೆ.

ಮುಂದಿನ ವಾರದಿಂದ ನನಗೆ ಹೊಸ ಕೆಲಸ. ಸುಬ್ಬಪ್ಪಣ್ಣ ಹೇಳಿದರು, "ವಿಸ್ಮಿತಾ, ಬೀಡಿ ಕಟ್ಟುವ ಹೆಂಗಸರು ಇಲ್ಲಿಗೆ ಬರುವುದಿಲ್ಲ. ಅವರಿಗೆ ಕೈಗೆ ಪುರುಸೊತ್ತಿಲ್ಲ, ಕಿವಿಗೆ ಉಂಟು. ಮಂಗಳವಾರ, ಗುರುವಾರ ಮಧ್ಯಾಹ್ನ ಹೋಗಿ ಓದಿ ಹೇಳಿ. ಮತದ ವಿಷಯ ಎತ್ತುವುದು ಬೇಡ, ಅವರಾಗಿ ಕೇಳಿದರೆ ಗೊತ್ತಿದ್ದಷ್ಟು ಹೇಳಿ. ಮತ್ತೆ, ಪುಸ್ತಕದಲ್ಲಿ ಇದ್ದದ್ದನ್ನು ಮಾತ್ರ ಓದಿ. ನಮ್ಮ ಭಾಷಣ ಯಾರಿಗೂ ಬೇಡ."

ಜೋರಾಗಿ ಓದುವುದು. ನಾನು. ಆಗುವುದಿಲ್ಲ ಎಂದು ಹೇಳಲಿಕ್ಕೂ ಆಗಲಿಲ್ಲ.

ಜನವರಿ 12, ಆದಿತ್ಯವಾರ

ಬೆಳಿಗ್ಗೆ ಧ್ಯಾನದ ದಿನ. ಹನ್ನೊಂದು ಜನ ಚಾಪೆ ಹಾಕಿ ಕೂತೆವು. ತ್ರಿಸರಣ, ಪಂಚಶೀಲ, ಪಾಲಿಯಲ್ಲಿ ಹೇಳಿದ ಮೇಲೆ ಸುಬ್ಬಪ್ಪಣ್ಣ ಒಂದೊಂದಕ್ಕೂ ತುಳುವಿನಲ್ಲಿ ಅರ್ಥ ಹೇಳುತ್ತಾರೆ. ಆಮೇಲೆ ಅರ್ಧ ಗಂಟೆ ಉಸಿರನ್ನು ನೋಡುತ್ತಾ ಕೂರಬೇಕು. ನನ್ನ ಉಸಿರು ನನಗೆ ಕಾಣುವುದೇ ಇಲ್ಲ. ಎಡಗಾಲು ಜುಮ್ಮೆನ್ನುವುದು ಕಾಣುತ್ತದೆ, ಕೆಳಗೆ ಮೂಸಾಕ ಶಟರ್ ಎತ್ತುವುದು ಕೇಳುತ್ತದೆ, ಬ್ಯಾಗಿನೊಳಗೆ ಫೋನು ನಡುಗಿದಂತೆ ಭಾಸವಾಗುತ್ತದೆ. ಅರ್ಧ ಕಣ್ಣು ತೆರೆದು ನೋಡಿದೆ. ಎಲ್ಲರೂ ಕಲ್ಲಿನ ಹಾಗೆ ಕೂತಿದ್ದಾರೆ. ನನ್ನ ಒಳಗೆ ಮಾತ್ರ ಸಂತೆ.

ಕೊನೆಗೆ 'ವಾರದ ಮಾತು'. ಒಬ್ಬೊಬ್ಬರೂ ಆ ವಾರ ತಾವು ಓದಿದ್ದನ್ನೋ ತಪ್ಪಿದ್ದನ್ನೋ ಒಂದು ಮಾತಿನಲ್ಲಿ ಹೇಳುವುದು. ಉಳಿದವರು ಬುದ್ಧಿ ಹೇಳುವಂತಿಲ್ಲ, ಸಮಾಧಾನವನ್ನೂ ಹೇಳುವಂತಿಲ್ಲ, ಕೇಳಬೇಕು, ಅಷ್ಟೆ. ಒಬ್ಬರು, "ಭಾವನ ಜೊತೆ ಜಗಳ ಮಾಡಿದೆ, ತಪ್ಪು ನನ್ನದೇ, ಆದರೂ ಇನ್ನೂ ಸಿಟ್ಟುಂಟು" ಎಂದರು. ಎಲ್ಲರೂ ಸುಮ್ಮನೆ ಕೇಳಿದರು.

ನನ್ನ ಸರದಿಯಲ್ಲಿ "ಏನೂ ಇಲ್ಲ" ಎಂದೆ. ಮೂರು ತಿಂಗಳಿಂದ ಇದನ್ನೇ ಹೇಳುತ್ತಿದ್ದೇನೆ.

ಜನವರಿ 16, ಗುರುವಾರ

ಹೋಗಿ ಬಂದೆ. ಬದುಕಿದ್ದೇನೆ.

ಜೈನಬಮ್ಮನ ಮನೆಯ ಜಗಲಿ. ನಾಲ್ಕು ಹೆಂಗಸರು, ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಎಲೆ, ಹೊಗೆಸೊಪ್ಪು, ನೂಲಿನ ಉಂಡೆ. ನಾನು ಮೆಟ್ಟಿಲು ಹತ್ತುವ ಮೊದಲೇ ಜೈನಬಮ್ಮ ಕೇಳಿದರು, "ಬುದ್ಧನ ಲೈಬ್ರರಿಯವರಾ? ಮತ ಬದಲಿಸ್ಲಿಕ್ಕೆ ಬಂದದ್ದಾದ್ರೆ ಈಗಲೇ ಹೇಳಿ ಮಗಳೇ. ಈ ವಯಸ್ಸಿಗೆ ಹೆಸರು ಬದಲಾದ್ರೆ ಬೀಡಿ ಕಾರ್ಡಿನಲ್ಲಿ ತಿದ್ದಿಸ್ಲಿಕ್ಕೆ ಯಾರು ಓಡುದು?"

"ಅಲ್ಲ, ಕಥೆ ಓದಲಿಕ್ಕೆ" ಎಂದೆ.

"ಕಥೆಯಾದ್ರೆ ಕೂತ್ಕೊಳ್ಳಿ."

ಒಂದು ಪುಟ ಓದಿರಬಹುದು. ಜೈನಬಮ್ಮ ಕತ್ತರಿ ಎತ್ತಿ ನಿಲ್ಲಿಸಿದರು. "ಟೀಚರೇ, ನೀವು ನಮಗೆ ಓದಿ ಹೇಳುದಾ, ಪುಸ್ತಕಕ್ಕಾ? ಗುಟ್ಟು ಹೇಳಿದ ಹಾಗೆ ಕೇಳ್ತದೆ."

ಎಲ್ಲರೂ ನಕ್ಕರು. ಒಬ್ಬರು ಮಾತ್ರ ನಗಲಿಲ್ಲ. ಚಾಪೆಯನ್ನು ಎಳೆದುಕೊಂಡು ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಬಂದು ಕೂತರು. ಹೆಸರು ಲೋಲಾಕ್ಷಿ. ನಲವತ್ತೈದು ದಾಟಿರಬಹುದು. ಪಕ್ಕದ ಮನೆ. ಅವರ ಮನೆಯ ಹಿಂದಿನ ಗೋಡೆ ಕಳೆದ ಜೂನಿನಲ್ಲಿ ಕುಸಿದು, ಆ ಬದಿಗೆ ನೀಲಿ ಟಾರ್ಪಾಲು ಕಟ್ಟಿದ್ದು ಜಗಲಿಯಿಂದಲೇ ಕಾಣುತ್ತದೆ.

ಓದಿದ್ದು ಯಾರೋ ದಾನ ಕೊಟ್ಟ ಹಳೆಯ ಕಾದಂಬರಿ. ರಟ್ಟು ಹೋಗಿದೆ, ಹೆಸರಿನ ಪುಟವೂ ಇಲ್ಲ. ಹೊಳೆ ದಾಟಿಸುವ ದೋಣಿಯವನೊಬ್ಬ ಮರದ ತೆಪ್ಪದ ಜೊತೆ ಕೆಳಗಿನ ಪೇಟೆಗೆ ಹೋಗುತ್ತಾನೆ, ಮರಳುವುದಿಲ್ಲ. ಹೆಂಡತಿ ತಾನೇ ಹುಟ್ಟು ಹಿಡಿಯಲು ಕಲಿಯುತ್ತಾಳೆ. ಅಕ್ಷರ ದೊಡ್ಡದಿದೆ ಎಂಬ ಒಂದೇ ಕಾರಣಕ್ಕೆ ನಾನು ಆರಿಸಿದ್ದು. ಮುಂದೆ ಏನಾಗುತ್ತದೆ ಎಂದು ನೋಡಿರಲಿಲ್ಲ.

ಜನವರಿ 28, ಮಂಗಳವಾರ

ಈಗ ಅವರೇ ನನಗೆ ಕಾಯುತ್ತಾರೆ. ಇವತ್ತು ದೋಣಿಯವನ ವಿಷಯದಲ್ಲಿ ಜಗಲಿಯಲ್ಲಿ ಜಗಳವೇ ಆಯಿತು.

"ಬರ್ತಾನೆ ನೋಡು, ಬಾರದೆ ಎಲ್ಲಿಗೆ ಹೋಗ್ತಾನೆ?" ಎಂದರು ಒಬ್ಬರು.

"ಬಂದ್ರೆ ಅದೇ ಹುಟ್ಟಿನಲ್ಲಿ ಎರಡು ಕೊಡ್ಬೇಕು ಇವಳು," ಎಂದರು ಜೈನಬಮ್ಮ. "ಬೆನ್ನಿಗೇ."

"ಕೊಡುವ ಮಾರಾಯ್ತಿ," ಎಂದರು ಲೋಲಾಕ್ಷಕ್ಕ, ನೂಲು ಸುತ್ತುತ್ತಾ. "ಮೊದಲು ಬರ್ಲಿ."

ನಗು ನಿಂತುಹೋಯಿತು. ಯಾಕೆಂದು ನನಗೆ ಗೊತ್ತಾಗಲಿಲ್ಲ. ಸಂಜೆ ಜೈನಬಮ್ಮ ಕಟ್ಟಿದ ಬೀಡಿಯನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಕೊಡಲು ಹೊರಟಾಗ ರಸ್ತೆಯವರೆಗೆ ಜೊತೆಗೆ ನಡೆದೆವು. ಅವರು ಹೇಳಿದರು. ಲೋಲಾಕ್ಷಕ್ಕನ ಗಂಡ ವಾಮನ ಪೇಂಟರ್. ಹಾಸನದ ಕಡೆ ಪೇಂಟಿಂಗ್ ಕೆಲಸ ಉಂಟೆಂದು ಹೋದವನು. ಈ ತಿಂಗಳಿಗೆ ಏಳು ವರ್ಷ. ಜೊತೆಗೆ ಹೋದವರು ಬಂದರು, ಅವನು ಬರಲಿಲ್ಲ. ಪೊಲೀಸಿಗೆ ದೂರು ಕೊಟ್ಟದ್ದಾಯಿತು, ಪೇಪರಿಗೆ ಫೋಟೋ ಹಾಕಿದ್ದಾಯಿತು.

"ಕುಡಿತ ಇಲ್ಲ, ಜಗಳ ಇಲ್ಲ. ಹೋಗುವಾಗ ಒಲೆಗೆ ಸೌದೆ ಒಡೆದಿಟ್ಟು ಹೋದವ," ಎಂದರು ಜೈನಬಮ್ಮ. "ಅದೇ ಅವಳಿಗೆ ತಲೆಗೆ ಹೋಗುದಿಲ್ಲ. ಬಿಟ್ಟು ಹೋಗುವವ ಸೌದೆ ಒಡೀತಾನಾ?"

ಮನೆಗೆ ಬಂದವಳೇ ಕಾದಂಬರಿಯ ಕೊನೆಯ ಅಧ್ಯಾಯ ತೆಗೆದೆ. ನಿಂತುಕೊಂಡೇ ಓದಿದೆ. ಹನ್ನೊಂದನೆಯ ವರ್ಷದಲ್ಲಿ ಒಬ್ಬ ಅಪರಿಚಿತ ಗಂಟು ಹಿಡಿದುಕೊಂಡು ಬರುತ್ತಾನೆ. ಗಂಟಿನಲ್ಲಿ ದೋಣಿಯವನ ಶಾಲು. ಮೊದಲ ವರ್ಷವೇ ಜ್ವರದಲ್ಲಿ ಸತ್ತಿದ್ದಾನೆ.

ಅಮ್ಮ ಅಡಿಗೆ ಮನೆಯಿಂದ, "ಯಾಕೆ ಹಾಗೆ ಅತ್ತಿಂದಿತ್ತ ನಡೀತೀ? ಕಾಲೇಜಿನವರು ಫೋನು ಮಾಡಿದ್ರಾ?" ಎಂದು ಕೇಳಿದಳು.

ಫೆಬ್ರವರಿ 4, ಮಂಗಳವಾರ

ಗಂಟಲು ನೋವು ಎಂದು ಹೇಳಿ ಅರ್ಧ ಅಧ್ಯಾಯಕ್ಕೇ ನಿಲ್ಲಿಸಿದೆ. ನೋವಿರಲಿಲ್ಲ. ಲೋಲಾಕ್ಷಕ್ಕ ಕಷಾಯ ಮಾಡಿ ತಂದರು. ಕುಡಿದೆ.

ಫೆಬ್ರವರಿ 6, ಗುರುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಕೊನೆಯ ಅಧ್ಯಾಯದ ಮೊದಲ ಎರಡು ಪುಟ ಇದ್ದ ಹಾಗೇ ಓದಿದೆ. ಅಪರಿಚಿತ ಹೊಳೆ ದಾಟುವ ಕಡವಿಗೆ ಬಂದ, ಕೂಗಿದ, ಅವಳು ದೋಣಿ ಬಿಚ್ಚಿದಳು. ಆಗ ಲೋಲಾಕ್ಷಕ್ಕನ ಕತ್ತರಿ ನಿಂತಿತು. ಅವರು ಇಷ್ಟು ದಿನದಲ್ಲಿ ಒಮ್ಮೆಯೂ ಓದಿನ ಮಧ್ಯೆ ಮಾತಾಡಿದವರಲ್ಲ.

"ಅವನೇ ಅಲ್ವಾ?" ಎಂದರು. "ಮುಖ ಬದಲಾದದ್ದು ಅಷ್ಟೆ. ಅವನೇ ಅಲ್ವಾ?"

ನನ್ನ ಕಣ್ಣಿನ ಕೆಳಗೆ ಇದ್ದ ಸಾಲು ಅವನಲ್ಲ ಎಂದು ಹೇಳುತ್ತಿತ್ತು. ನನ್ನ ಬಾಯಿ, "ಅವನೇ" ಎಂದಿತು.

ಆಮೇಲೆ ತಡೆಯಲಾಗಲಿಲ್ಲ. ಅವನಿಗೆ ನರೆ ಕೊಟ್ಟೆ, ಕಾಲು ಕುಂಟಿಸಿದೆ. ಅವಳು ಗುರುತು ಹಿಡಿಯದೆ ಹೊಳೆ ದಾಟಿಸಿದಳು. ಆಚೆ ದಡದಲ್ಲಿ ಬಾಡಿಗೆ ಕೇಳಿದಳು. ಅವನು ಬಾಡಿಗೆ ಕೊಡದೆ ಅವಳ ಹೆಸರು ಕರೆದ. ಇದೆಲ್ಲ ಎಲ್ಲಿಂದ ಬಂತೋ! ನನ್ನ ಸ್ವರ ಎಷ್ಟು ಗಟ್ಟಿಯಾಗಿತ್ತೆಂದರೆ ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು.

ಒಬ್ಬರು ಮೂಗು ಒರೆಸಿಕೊಂಡರು. "ಇಷ್ಟು ದಿನದಲ್ಲಿ ಇವತ್ತೇ ನೀವು ಚಂದ ಓದಿದ್ದು" ಎಂದರು. ಜೈನಬಮ್ಮ ಏನೂ ತಮಾಷೆ ಮಾಡಲಿಲ್ಲ, ನನ್ನನ್ನೇ ನೋಡುತ್ತಿದ್ದರು.

"ಎಷ್ಟು ವರ್ಷ ಅಂದ್ರಿ?" ಎಂದು ಕೇಳಿದರು ಲೋಲಾಕ್ಷಕ್ಕ.

"ಹನ್ನೊಂದು."

"ಹನ್ನೊಂದು" ಎಂದು ತಮಗೇ ಹೇಳಿಕೊಂಡು ಕತ್ತರಿ ಎತ್ತಿದರು. ಮುಖದಲ್ಲಿ ನಗು ಇತ್ತು. ಅವರ ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಇದೆಯೆಂದು ಇವತ್ತೇ ಗೊತ್ತಾದದ್ದು.

ಬಸ್ಸಿನಲ್ಲಿ ಖುಷಿಯಾಗಿದ್ದೆ. ಇದನ್ನೂ ಬರೆಯಬೇಕು. ವಗ್ಗ ಬರುವವರೆಗೂ ಖುಷಿಯಾಗಿದ್ದೆ.

ಫೆಬ್ರವರಿ 9, ಆದಿತ್ಯವಾರ

ನಾಲ್ಕನೆಯ ಶೀಲ, ಸುಳ್ಳು ಹೇಳುವುದರಿಂದ ದೂರ ಇರುತ್ತೇನೆ ಎಂಬುದು. ಎಲ್ಲರ ಜೊತೆ ತುಟಿ ಆಡಿಸಿದೆ, ಸ್ವರ ಬರಲಿಲ್ಲ. ಕಥೆ ಬದಲಿಸುವುದು ಸುಳ್ಳೇ? ಕಾದಂಬರಿಯೇ ಕಟ್ಟಿದ್ದಲ್ಲವೇ? ಬರೆದವರು ಸಾಯಿಸಿದರು, ನಾನು ಬದುಕಿಸಿದೆ. ಅರ್ಧ ಗಂಟೆ ಇದೇ ವಾದ. ಎರಡೂ ಕಡೆಯ ವಕೀಲಳು ನಾನೇ.

ವಾರದ ಮಾತಿಗೆ, "ಕಾದಂಬರಿ ಮುಗಿಯಿತು, ಅವರಿಗೆ ಇಷ್ಟವಾಯಿತು" ಎಂದೆ. ನಾನು ಏನೋ ಹೇಳಿದೆನೆಂದು ಎಲ್ಲರಿಗೂ ಸಂತೋಷ. ಸುಬ್ಬಪ್ಪಣ್ಣ ಇಡೀ ದಿನ ಹಾಡು ಗುನುಗಿದರು.

ಫೆಬ್ರವರಿ 13, ಗುರುವಾರ

ಮಂಗಳವಾರ ಜಗಲಿಯಲ್ಲಿ ಬೇರೆ ಪುಸ್ತಕ ಶುರುಮಾಡಿದ್ದೆ. ಹಾಸ್ಯ ಪ್ರಬಂಧಗಳು, ಅವುಗಳಲ್ಲಿ ಯಾರೂ ಬರುವುದಿಲ್ಲ, ಯಾರೂ ಹೋಗುವುದಿಲ್ಲ. ಇವತ್ತು ಹೊರಡುವ ಮೊದಲು ಲೈಬ್ರರಿಗೆ ಒಬ್ಬರು ಬಂದರು. ದಯಾನಂದ, ಲೋಲಾಕ್ಷಕ್ಕನ ತಮ್ಮ. ಹೆಲ್ಮೆಟ್ಟು ಕಳಚದೆಯೇ ಸುಬ್ಬಪ್ಪಣ್ಣನ ಮೇಜಿನೆದುರು ನಿಂತರು.

"ಎಂಥ ಪುಸ್ತಕ ಮಾರಾಯ್ರೆ ನೀವು ಓದಿಸಿದ್ದು?"

"ಕೂತ್ಕೊಳ್ಳಿ. ಯಾವ ಪುಸ್ತಕ?"

"ಹನ್ನೊಂದು ವರ್ಷ ಕಳೆದು ಗಂಡ ಬರುವ ಪುಸ್ತಕ."

ಅವರು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ಮನೆಯ ಹಕ್ಕುಪತ್ರ ಇರುವುದು ವಾಮನರ ಹೆಸರಿನಲ್ಲಿ. ಲೋಲಾಕ್ಷಕ್ಕನ ಹೆಸರಿಗೆ ಆಗದೆ ಪಂಚಾಯತಿನಿಂದ ಹೊಸ ಮನೆ ಸಿಗುವುದಿಲ್ಲ. ಏಳು ವರ್ಷ ಪತ್ತೆಯಿಲ್ಲದವರನ್ನು ಸತ್ತವರೆಂದು ಕೋರ್ಟು ಒಪ್ಪುತ್ತದೆ. ತೀರ್ಪು ಬರಲು ತಿಂಗಳುಗಟ್ಟಲೆ ಬೇಕು, ಆದರೆ ಕೇಸು ಹಾಕಿದ ನಂಬರನ್ನು ಈ ತಿಂಗಳ ಇಪ್ಪತ್ತೆಂಟರೊಳಗೆ ಕೊಟ್ಟರೆ ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ. ಬೆಳ್ತಂಗಡಿಯ ವಕೀಲರ ಹತ್ತಿರ ಅರ್ಜಿ ತಯಾರಾಗಿದೆ. ಜನವರಿಯಲ್ಲಿ ಅಕ್ಕ ಸಹಿ ಹಾಕಲು ಒಪ್ಪಿದ್ದಳು. ಈಗ ಆಗುವುದಿಲ್ಲ ಎನ್ನುತ್ತಾಳೆ.

"ಎಂತ ಹೇಳಿದಳು ಗೊತ್ತುಂಟಾ? 'ಹನ್ನೊಂದು ವರ್ಷ ಕಾದವಳು ಉಂಟು, ನಾನು ಏಳಕ್ಕೇ ಸತ್ತ ಅಂತ ಬರೆದು ಕೊಡ್ಲಾ?' ಅಂತ. ಬರುವ ಮಳೆಗಾಲಕ್ಕೆ ಇನ್ನೊಂದು ಗೋಡೆ ಅವಳ ಮೇಲೆಯೇ ಬೀಳ್ತದೆ. ಆಗ ನಿಮ್ಮ ದೋಣಿಯವ ಬರ್ತಾನಾ ಎತ್ತಲಿಕ್ಕೆ?"

ಸುಬ್ಬಪ್ಪಣ್ಣ ನನ್ನ ಕಡೆ ತಿರುಗಿದರು. "ಆ ಪುಸ್ತಕ ಇಲ್ಲಿ ಕೊಡಿ, ಒಮ್ಮೆ ನೋಡುವ."

"ಮನೆಯಲ್ಲುಂಟು" ಎಂದೆ.

ಪುಸ್ತಕ ನನ್ನ ಬ್ಯಾಗಿನಲ್ಲಿತ್ತು.

ಫೆಬ್ರವರಿ 14, ಶುಕ್ರವಾರ

ಉಗುರು ಕಚ್ಚಿ ಕಚ್ಚಿ ಹೆಬ್ಬೆರಳಿನಲ್ಲಿ ರಕ್ತ.

ಫೆಬ್ರವರಿ 16, ಆದಿತ್ಯವಾರ

ವಾರದ ಮಾತಿಗೆ ಬಾಯಿ ತೆರೆದೆ. ಹತ್ತು ಜನ ನನ್ನನ್ನು ನೋಡಿದರು. ಮುಚ್ಚಿದೆ.

ಎಲ್ಲರೂ ಹೋದ ಮೇಲೆ ಚಾಪೆ ಮಡಚುವಾಗ ಸುಬ್ಬಪ್ಪಣ್ಣನಿಗೆ ಹೇಳಿದೆ. ಹೇಳುವಾಗ ಚಾಪೆಯನ್ನೇ ನೋಡುತ್ತಿದ್ದೆ. ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಮಡಚಿರಬೇಕು. ಬ್ಯಾಗಿನಿಂದ ಪುಸ್ತಕ ತೆಗೆದು ಕೊಟ್ಟೆ. ಅವರು ಕೊನೆಯ ಪುಟಗಳನ್ನು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ನನಗೆ ಹೇಳಿ ಎಂತ ಪ್ರಯೋಜನ ವಿಸ್ಮಿತಾ? ನಾನು ಈ ಕಥೆ ಕೇಳಿದವನಲ್ಲ."

"ನೀವು ಅವರಿಗೆ ಹೇಳಿದರೆ..."

"ನಾನು ಹೇಳಿದ್ರೆ ಅವರಿಗೆ ನನ್ನ ಮೇಲೆ ಸಿಟ್ಟು ಬರ್ತದೆ. ನಿಮ್ಮ ಪಾಲಿನ ಸಿಟ್ಟು ನನಗೆ ಯಾಕೆ?" ಎಂದು ಪುಸ್ತಕ ವಾಪಸು ಕೊಟ್ಟರು. ಕನ್ನಡಕ ತೆಗೆದು, "ನಾನೂ ಆ ದಿನ ಖುಷಿಪಟ್ಟೆ. ಎಂಟು ವರ್ಷದಲ್ಲಿ ಮೊದಲ ಸಲ ನಮ್ಮ ಪುಸ್ತಕದ ಮಾತು ರಸ್ತೆಯವರೆಗೆ ಕೇಳಿತಲ್ಲ ಅಂತ. ಪುಸ್ತಕದ್ದಲ್ಲ ಅಂತ ಗೊತ್ತಿರ್ಲಿಲ್ಲ," ಎಂದರು.

ಅವರ ಮುಖ ನೋಡಲಾಗಲಿಲ್ಲ.

ಫೆಬ್ರವರಿ 18, ಮಂಗಳವಾರ

ಬೇಗ ಹೋದೆ. ಜಗಲಿಯಲ್ಲಿ ಜೈನಬಮ್ಮ ಒಬ್ಬರೇ, ಒದ್ದೆ ಎಲೆಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು.

"ಲೋಲಾಕ್ಷಕ್ಕನಿಗೆ ಒಂದು ವಿಷಯ ಹೇಳಲಿಕ್ಕುಂಟು" ಎಂದೆ.

"ಗೊತ್ತುಂಟು. ಹೇಳ್ಬೇಡಿ."

ನಾನು ಮೆಟ್ಟಿಲಿನ ಮೇಲೆಯೇ ಕೂತೆ.

"ನನಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ ಮಗಳೇ, ಕಣ್ಣು ಉಂಟು. ಆ ದಿನ ಅವ ಹೊಳೆ ದಾಟಿ, ಬಾಡಿಗೆ ಕೇಳಿ, ಹೆಸರು ಕರೆದು, ಇಬ್ಬರೂ ಮನೆಗೆ ಹೋಗಿ ಗಂಜಿ ಕುಡಿಯುವವರೆಗೆ ನೀವು ಒಂದು ಪುಟ ತಿರುಗಿಸ್ಲಿಲ್ಲ." ಅವರು ನಗಲಿಲ್ಲ. "ನಾನು ಸುಮ್ಮನೆ ಕೂತೆ. ಯಾಕೆ ಹೇಳಿ? ಅವಳು ಆ ರಾತ್ರಿ ನಮ್ಮಲ್ಲಿಗೆ ಮೀನು ಸಾರು ತಂದಳು. ಏಳು ವರ್ಷದಲ್ಲಿ ಅವಳು ಬಾಯಿಗೆ ರುಚಿಯಾಗುವ ಹಾಗೆ ಅಡಿಗೆ ಮಾಡಿದ್ದು ನಾನು ಕಂಡದ್ದಿಲ್ಲ."

"ಇಪ್ಪತ್ತೆಂಟರೊಳಗೆ ಸಹಿ ಹಾಕದಿದ್ದರೆ ಮನೆ ಹೋಗ್ತದೆ ಜೈನಬಮ್ಮ."

"ಅದೂ ಗೊತ್ತುಂಟು." ಎಲೆಯ ಗಂಟನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೂತರು. "ಗೋಡೆ ಇಲ್ಲದೆ ಹೇಗೆ ಇರುದು, ಆ ಆಸೆ ಇಲ್ಲದೆ ಹೇಗೆ ಇರುದು. ನನಗೆ ಬುದ್ಧಿ ಓಡುದಿಲ್ಲ. ನೀವು ಓದಿದವರು. ನಿಮಗೆ ಓಡಿದ್ರೆ ಹೇಳಿ."

ಲೋಲಾಕ್ಷಕ್ಕ ಬಂದರು, ನಾನು ಹಾಸ್ಯ ಪ್ರಬಂಧ ಓದಿದೆ, ಅವರು ನಕ್ಕರು. ಹೇಳದೆ ವಾಪಸು ಬಂದೆ.

ಫೆಬ್ರವರಿ 20, ಗುರುವಾರ

ಓದಿದೆ.

ಎಲ್ಲರೂ ಕೂತಿದ್ದರು. ಪ್ರಬಂಧದ ಪುಸ್ತಕ ತೆಗೆಯಲೇ ಇಲ್ಲ. "ದೋಣಿಯವನ ಕಥೆಯ ಕೊನೆ ನಾನು ಪುಸ್ತಕದಲ್ಲಿದ್ದ ಹಾಗೆ ಓದಲಿಲ್ಲ. ಈಗ ಓದುತ್ತೇನೆ. ಕೇಳುವುದು ಬೇಡ ಎನ್ನುವವರು ಹೇಳಿ" ಎಂದೆ. ಯಾರೂ ಹೇಳಲಿಲ್ಲ. ಗಂಟು ಬಿಚ್ಚಿದ್ದು, ಶಾಲು, ಜ್ವರ, ಮೊದಲ ವರ್ಷವೇ ಎಂಬ ಮಾತು, ಅವಳು ಅಪರಿಚಿತನನ್ನು ಮತ್ತೆ ದಾಟಿಸಿ ಈಚೆಗೆ ಬರುವುದು. ಏಳು ಪುಟ. ಪ್ರತಿ ಪುಟವನ್ನೂ ಎಲ್ಲರಿಗೆ ಕಾಣುವ ಹಾಗೆ ತಿರುಗಿಸಿದೆ.

ಮುಗಿದ ಮೇಲೆ ಲೋಲಾಕ್ಷಕ್ಕ ಕೇಳಿದರು, "ಅವ ಬಂದದ್ದು ನೀವು ಎಲ್ಲಿಂದ ತಂದ್ರಿ?"

"ನನ್ನ ತಲೆಯಿಂದ."

"ಯಾಕೆ?"

"ನೀವು ಕೇಳಿದಿರಿ, ಅವನೇ ಅಲ್ವಾ ಅಂತ."

"ನಾನು ಪುಸ್ತಕದವನ ವಿಷಯ ಕೇಳಿದ್ದು." ಸ್ವರ ಏರಲಿಲ್ಲ. "ಅದರಲ್ಲಿ ಅಲ್ಲ ಅಂತ ಇದ್ರೆ ಅಲ್ಲ ಅಂತ ಓದ್ಬೇಕಿತ್ತು. ನೀವು ನನ್ನ ಮುಖ ನೋಡಿ ಬದಲಿಸಿದ್ರಿ. ಪಾಪ ಅಂತ. ಊರಿನವರೆಲ್ಲ ಏಳು ವರ್ಷದಿಂದ ಅದನ್ನೇ ಮಾಡಿದ್ದು. ಎದುರು ಬಂದ್ರೆ ಬರ್ತಾನೆ ಅಂತಾರೆ, ಹಿಂದೆ ತಿರುಗಿದ್ರೆ ಸತ್ತಿದ್ದಾನೆ ಅಂತಾರೆ. ಪುಸ್ತಕಕ್ಕೆ ನನ್ನ ಗುರ್ತ ಇಲ್ಲ, ಅದು ಇದ್ದದ್ದು ಇದ್ದ ಹಾಗೆ ಹೇಳ್ತದೆ ಅಂತ ಹತ್ರ ಬಂದು ಕೂತದ್ದು ನಾನು."

"ಲೋಲಾಕ್ಷೀ..." ಎಂದರು ಜೈನಬಮ್ಮ.

"ನಿನಗೂ ಗೊತ್ತಿತ್ತಾ?"

ಜೈನಬಮ್ಮ ತಲೆ ತಗ್ಗಿಸಿದರು. ಲೋಲಾಕ್ಷಕ್ಕ ಗೆರಸೆ ಎತ್ತಿಕೊಂಡು ಎದ್ದರು. ಹೊಗೆಸೊಪ್ಪು ಮೆಟ್ಟಿಲಿನ ಉದ್ದಕ್ಕೂ ಉದುರಿತು. "ಇನ್ನು ನನಗೆ ಓದ್ಬೇಡಿ" ಎಂದು ಹೋದರು.

ಹಗುರವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಫೆಬ್ರವರಿ 24, ಸೋಮವಾರ

ಮೂಡಬಿದಿರೆಯಿಂದ ಶನಿವಾರ ಫೋನು ಬಂದಿತ್ತು, ಇವತ್ತು ಸಂದರ್ಶನ. ಇಷ್ಟು ತಿಂಗಳು ಕಾದ ಫೋನು. ಬಂದಾಗ ಏನೂ ಅನಿಸಲಿಲ್ಲ. ಮೂರು ಜನ ಕೂತಿದ್ದರು. ಹತ್ತು ನಿಮಿಷ ಪಾಠ ಮಾಡಲು ಹೇಳಿದರು. ಮಾಡಿದೆ. ತಲೆಯಲ್ಲಿ ಪೂರ್ತಿ ಆ ನೀಲಿ ಟಾರ್ಪಾಲೇ ಇತ್ತು. ಒಬ್ಬರು ಒಂದು ಶಬ್ದಕ್ಕೆ ತಪ್ಪು ಅರ್ಥ ಹೇಳಿ ನನ್ನನ್ನು ತಿದ್ದಲು ಬಂದರು. ಅಲ್ಲ ಸರ್, ಅದು ಹೀಗೆ ಎಂದು ಹೇಳಿ ಮುಂದುವರಿಸಿದೆ. ಹೊರಗೆ ಬರುವಾಗ ಮೇಡಮ್ ಒಬ್ಬರು, "ಹಿಂದಿನ ಬೆಂಚಿನವರೆಗೆ ಕೇಳುವ ಸ್ವರ" ಎಂದರು. ತಮಾಷೆ ಮಾಡಿದ್ದೋ ಏನೋ. ತಿಳಿಸುತ್ತೇವೆ ಎಂದಿದ್ದಾರೆ.

ಇನ್ನು ನಾಲ್ಕು ದಿನ.

ಫೆಬ್ರವರಿ 25, ಮಂಗಳವಾರ

ಜಗಲಿಯಲ್ಲಿ ಮೂವರೇ. ನಾನು ಓದಲಿಲ್ಲ, ಅವರು ಓದಿ ಎನ್ನಲಿಲ್ಲ. ಎಲೆ ಕತ್ತರಿಸಿ ಕೊಟ್ಟೆ. ಜೈನಬಮ್ಮ ನನ್ನ ಎಲೆಯನ್ನು ಎತ್ತಿ ನೋಡಿ, "ಇದರಲ್ಲಿ ಕಟ್ಟಿದ್ರೆ ಬ್ರಾಂಚಿನವ ನನ್ನನ್ನೇ ಸೇದ್ತಾನೆ" ಎಂದರು. ಯಾರೂ ನಗಲಿಲ್ಲ.

ಹೊರಡುವಾಗ ಲೋಲಾಕ್ಷಕ್ಕನ ಮನೆಯ ಎದುರು ನಿಂತೆ. ಬಾಗಿಲು ತೆರೆದಿತ್ತು. ಒಳಗೆ ನೆಲ ಒರೆಸುವ ಸದ್ದು. ಕರೆಯಬಹುದಿತ್ತು. ಅವರು ಬೇಡ ಎಂದಿದ್ದರು. ನಿಂತು, ಬಂದೆ.

ಫೆಬ್ರವರಿ 27, ಗುರುವಾರ

ಬೆಳಿಗ್ಗೆ ಏಳಕ್ಕೆ ಗೊತ್ತಿಲ್ಲದ ನಂಬರಿನಿಂದ ಫೋನು. "ನಾನು ಲೋಲಾಕ್ಷಿ. ಬೆಳ್ತಂಗಡಿಗೆ ಬರ್ತೀರಾ? ಹತ್ತು ಗಂಟೆಗೆ ವಕೀಲರ ಆಫೀಸು." ಉತ್ತರಕ್ಕೆ ಕಾಯದೆ ಇಟ್ಟರು.

ಹೋದೆ. ಕೋರ್ಟಿನ ಎದುರಿನ ಕಟ್ಟಡ, ಮಾಳಿಗೆ. ಬೆಂಚಿನ ಮೇಲೆ ಏಳೆಂಟು ಜನ, ಫೈಲುಗಳ ರಾಶಿ, ಮೂಲೆಯಲ್ಲಿ ಟೈಪು ಮಾಡುವ ಗುಮಾಸ್ತ. ದಯಾನಂದ ನನ್ನನ್ನು ಕಂಡು ಮುಖ ತಿರುಗಿಸಿದರು. ಲೋಲಾಕ್ಷಕ್ಕ ಇಸ್ತ್ರಿ ಹಾಕಿದ ಸೀರೆ ಉಟ್ಟಿದ್ದರು. ನಮಸ್ಕಾರವೂ ಇಲ್ಲ, ಬನ್ನಿ ಎಂದೂ ಇಲ್ಲ. ವಕೀಲರ ಮೇಜಿನಿಂದ ಅರ್ಜಿ ಎತ್ತಿ ನನ್ನ ಕೈಗೆ ಕೊಟ್ಟರು.

"ಓದಿ. ಸೇರಿಸ್ಬೇಡಿ, ಬಿಡ್ಬೇಡಿ."

"ಅಮ್ಮ, ಇದರಲ್ಲಿ ಏನುಂಟು ಅಂತ ನಾನು ಹೇಳಿದ್ದೇನಲ್ಲ" ಎಂದರು ವಕೀಲರು. "ಹನ್ನೊಂದಕ್ಕೆ ನನಗೆ ಬೇರೆ ಕೇಸುಂಟು."

"ನೀವು ಹೇಳಿದ್ದು ಕೇಳಿದೆ ಸರ್. ಬರೆದದ್ದು ಕೇಳ್ಬೇಕು."

"ತಮ್ಮ ಉಂಟಲ್ಲ, ಓದ್ತಾನೆ."

"ಅವ ನನ್ನ ತಮ್ಮ. ಕಷ್ಟದ ಜಾಗದಲ್ಲಿ ಹಾರ್ತಾನೆ." ನನ್ನ ಕಡೆ ಕೈ ತೋರಿಸಿದರು. "ಇವರು 'ಸತ್ತ' ಅಂತ ಇದ್ದದ್ದನ್ನು ನನ್ನ ಮುಖಕ್ಕೇ ಓದಿದವರು."

ಓದಿದೆ. ನ್ಯಾಯಾಲಯದ ಹೆಸರಿನಿಂದ ಶುರುಮಾಡಿ ಅರ್ಜಿದಾರರ ವಯಸ್ಸು, ವಿಳಾಸ, ಮದುವೆಯ ವರ್ಷ, ಕಾಣೆಯಾದ ದಿನ, ಪೊಲೀಸು ದೂರಿನ ನಂಬರು. ಬೆಂಚಿನಲ್ಲಿದ್ದವರೂ ಕೇಳುತ್ತಿದ್ದರು. ಐದನೆಯ ಕಲಮಿಗೆ ಬಂದೆ. ಓದುವ ಮೊದಲೇ ಕಣ್ಣಿಗೆ ಬಿತ್ತು. ನಿಲ್ಲಲಿಲ್ಲ. "ಸದರಿ ವಾಮನ ಎಂಬವರು ಮೃತಪಟ್ಟಿರುವರೆಂದು ಅರ್ಜಿದಾರಳು ದೃಢವಾಗಿ ನಂಬಿರುತ್ತಾಳೆ."

"ಯಾರು?" ಎಂದರು ಲೋಲಾಕ್ಷಕ್ಕ.

"ಅರ್ಜಿದಾರಳು. ನೀವು."

"ನಾನು ಹಾಗೆ ನಂಬ್ಲಿಲ್ಲ. ಬರ್ತಾನೆ ಅಂತಲೂ ಈಗ ನಂಬುದಿಲ್ಲ. ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಸಹಿ ಹಾಕುದು ಹೇಗೆ?"

"ಅಕ್ಕಾ, ನಾಳೆ ಕೊನೆ ದಿನ," ಎಂದರು ದಯಾನಂದ.

"ಅದು ಎಲ್ಲ ಅರ್ಜಿಯಲ್ಲೂ ಇರುವ ವಾಕ್ಯ ಅಮ್ಮ, ಒಂದು ಕ್ರಮ," ಎಂದು ವಕೀಲರು ಪೆನ್ನು ಮುಂದೆ ಮಾಡಿದರು. ಲೋಲಾಕ್ಷಕ್ಕ ಪೆನ್ನು ಮುಟ್ಟಲಿಲ್ಲ.

ನಾನು ಕೇಳಿದೆ, "ಸರ್, ಇವರಿಗೆ ಗೊತ್ತಿರುವುದನ್ನು ಮಾತ್ರ ಬರೆದರೆ ಸಾಲದೇ? ಏಳು ವರ್ಷದಿಂದ ಇವರಿಗೂ, ಅವರ ಸುದ್ದಿ ತಿಳಿಯಬೇಕಾದ ಬೇರೆ ಯಾರಿಗೂ, ಏನೂ ತಿಳಿದಿಲ್ಲ ಅಂತ. ಸತ್ತರೆಂದು ಹೇಳುವುದು ಕೋರ್ಟಿನ ಕೆಲಸ ಅಲ್ವಾ? ಇವರದ್ದಲ್ಲವಲ್ಲ."

ವಕೀಲರು ನನ್ನನ್ನು ನೋಡಿದರು. ಗುಮಾಸ್ತ ಟೈಪು ನಿಲ್ಲಿಸಿದ. ವಕೀಲರು ಅರ್ಜಿ ತೆಗೆದುಕೊಂಡು ಆ ಕಲಮನ್ನು ಎರಡು ಸಲ ಓದಿದರು, ಹುಬ್ಬು ಉಜ್ಜಿಕೊಂಡರು. "ಸಾಕು," ಎಂದರು. "ಸರಿಯಾಗಿ ಹೇಳುವುದಾದರೆ ಕಾನೂನಿಗೆ ಬೇಕಾದದ್ದು ಅಷ್ಟೇ. ಈ ಹಳೆ ಪ್ರತಿಯನ್ನು ನೋಡಿ ನೋಡಿ ಟೈಪು ಹೊಡೆಯುವುದು ನಾವು." ಐದನೆಯ ಕಲಮಿಗೆ ಗೀಟು ಎಳೆದು ಬದಿಯಲ್ಲಿ ಬರೆದು ಗುಮಾಸ್ತನಿಗೆ ಕೊಟ್ಟರು.

ಹೊಸ ಪ್ರತಿ ಬಂತು. "ಮೊದಲಿನಿಂದ" ಎಂದರು ಲೋಲಾಕ್ಷಕ್ಕ. ಹನ್ನೊಂದರ ಕೇಸಿಗೆ ವಕೀಲರು ಕೋಟು ಹಾಕಿಕೊಂಡು ಹೊರಟೇ ಹೋದರು. ನಾನು ಮೊದಲಿನಿಂದ ಓದಿದೆ. ಐದನೆಯ ಕಲಮನ್ನು ಅವರು ಇನ್ನೊಮ್ಮೆ ಓದಿಸಿದರು. ಆಮೇಲೆ ಪೆನ್ನು ತೆಗೆದುಕೊಂಡು, ಒಂದೊಂದು ಅಕ್ಷರಕ್ಕೂ ಉಸಿರು ಹಿಡಿದು, ಪ್ರತಿ ಪುಟಕ್ಕೂ ಸಹಿ ಹಾಕಿದರು. ಮಧ್ಯಾಹ್ನದ ಮೇಲೆ ಕೇಸಿನ ನಂಬರು ಸಿಕ್ಕಿತು. ದಯಾನಂದ ಅದನ್ನು ಹಿಡಿದು ಬೈಕಿನಲ್ಲಿ ಪಂಚಾಯತಿಗೆ ಹೋದರು.

ನಾವಿಬ್ಬರು ಬಸ್ಸು ಹತ್ತಿದೆವು. ಅವರಿಗೆ ನನ್ನ ಮೇಲಿನ ಸಿಟ್ಟು ಹೋಗಿದೆಯೋ ಇಲ್ಲವೋ ಗೊತ್ತಾಗಲಿಲ್ಲ, ಕೇಳಲೂ ಇಲ್ಲ. ಗುರುವಾಯನಕೆರೆ ದಾಟಿದ ಮೇಲೆ ಮಡಿಲಲ್ಲಿದ್ದ ಅರ್ಜಿಯ ನಕಲನ್ನು ನನ್ನ ಕಡೆ ಸರಿಸಿದರು.

"ಇನ್ನೊಮ್ಮೆ ಓದಿ. ಅಲ್ಲಿ ಸರಿಯಾಗಿ ಕೇಳ್ಳಿಲ್ಲ."

ಇಂಜಿನಿನ ಸದ್ದಿಗಿಂತ ಜೋರಾಗಿ ಓದಬೇಕಾಯಿತು. ಮುಂದಿನ ಸೀಟಿನ ಅಜ್ಜ ಕಿವಿ ಕೊಟ್ಟು ಕೇಳುತ್ತಿದ್ದವರು ಪೂರ್ತಿ ಹಿಂದೆ ತಿರುಗಿ ಕೂತರು. ಮುಗಿದದ್ದೇ ನನ್ನನ್ನು ಕೇಳಿದರು, "ಮತ್ತೆ ಬಂದ್ರಾ ಅವರು?"

ನಾನು ಲೋಲಾಕ್ಷಕ್ಕನ ಕಡೆ ನೋಡಿದೆ. ಅದು ನಾನು ಹೇಳುವಂಥದ್ದಲ್ಲ.

"ಸುದ್ದಿ ಇಲ್ಲ," ಎಂದರು ಲೋಲಾಕ್ಷಕ್ಕ, ಅಜ್ಜನ ಮುಖ ನೋಡಿ, ನಿಧಾನವಾಗಿ. ಕಾಗದವನ್ನು ಮಡಚಿ ಚೀಲಕ್ಕೆ ಹಾಕಿ ಕಿಟಕಿಯ ಗಾಜು ಸರಿಸಿದರು.